ಹೋಗುವಾಗ ಹತ್ತಿರ, ಬರುವಾಗ ದೂರ

ನಮ್ಮ ಭಾವನ ಪ್ರಕಾರ ಕಾರ್ಕಳದಿಂದ ದುಬೈ ಹತ್ತಿರ, ಆದರೆ ದುಬೈಯಿಂದ ಕಾರ್ಕಳ ದೂರ! ನಗಬೇಡಿ. ಇದನ್ನು ಅವರು ಭೂಗೋಳದ ಮೇಷ್ಟ್ರಾದ ನನ್ನೆದುರೇ ಟಿಕೆಟ್ ಹಿಡಿದು ಸಾಧಿಸಿದವರು.

ಭಾವ ಎಂದರೆ ಅಕ್ಕನ ಗಂಡ, ಕಾರ್ಕಳ–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರು. ಹಿರಿಯಡ್ಕದಲ್ಲಿ ಹತ್ತಿದವರು ಚಿಲ್ಲರೆ ಹುಡುಕುವಷ್ಟರಲ್ಲಿ ಮಣಿಪಾಲ ಬಂದಿರುತ್ತದೆ. ಇನ್ನೊಂದು ಬಸ್ಸು ತಮ್ಮನ್ನು ಹಿಂದಿಕ್ಕಿದರೆ ಆ ದಿನ ಅವರಿಗೆ ಊಟ ಸೇರುವುದಿಲ್ಲ. ಮಣಿಪಾಲದಲ್ಲಿ ನರ್ಸ್ ಆಗಿದ್ದ ಅಕ್ಕ ದಿನಾ ಅದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಮದುವೆಯ ಮಾತುಕತೆಯನ್ನೂ ಭಾವ ಅದೇ ವೇಗದಲ್ಲಿ ಮುಗಿಸಿದರು.

ಬಜಪೆಯಿಂದ ಗಲ್ಫಿಗೆ ನೇರ ವಿಮಾನ ಶುರುವಾದ ಹೊಸತರಲ್ಲಿ ಅಕ್ಕನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಭಾವ ಟಿಕೆಟ್ ನೋಡಿದರು. ಬೆಳಿಗ್ಗೆ ಹತ್ತಕ್ಕೆ ಬಜಪೆ ಬಿಟ್ಟರೆ ಹನ್ನೆರಡಕ್ಕೆ ದುಬೈ. ಬರುವಾಗ ಮಧ್ಯಾಹ್ನ ಒಂದಕ್ಕೆ ಬಿಟ್ಟರೆ ಸಂಜೆ ಆರಕ್ಕೆ ಬಜಪೆ!

“ಹೋಗುವಾಗ ಎರಡು ಗಂಟೆ, ಬರುವಾಗ ಐದು. ಎಂತ ಮಾರಾಯ ಇದು?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಉತ್ತರವೂ ಅವರದ್ದೇ: “ಹೋಗುವ ವಿಮಾನದ ಡ್ರೈವರ್ ನಮ್ಮ ಕಡೆಯವ. ಬರುವಾಗ ಯಾರೋ ಹೊಸಬ!”

ನಾನು ಬಿಡುತ್ತೇನೆಯೇ? ಒಂದು ಮೂಸಂಬಿ, ಒಂದು ಟಾರ್ಚು ತಂದೆ. ಸೂರ್ಯ ಮೊದಲು ನಮ್ಮಲ್ಲಿ ಹುಟ್ಟುತ್ತಾನೆ, ಅಲ್ಲಿಯ ಗಡಿಯಾರ ಒಂದೂವರೆ ಗಂಟೆ ಹಿಂದೆ, ಹೋದರೂ ಬಂದರೂ ಪ್ರಯಾಣ ಮೂರೂವರೆ ಗಂಟೆಯೇ ಎಂದು ಬೆವರು ಸುರಿಸಿ ವಿವರಿಸಿದೆ. ಭಾವ ಗಂಭೀರವಾಗಿ ಕೇಳಿದರು. ಆಮೇಲೆ ಭೂಮಿಯನ್ನು ಸುಲಿದು ತಿಂದರು!

“ಲೇಟಾದರೆ ಗಡಿಯಾರದ ಮೇಲೆ ತಪ್ಪು ಹಾಕುವ ಡ್ರೈವರುಗಳನ್ನು ನಾನೆಷ್ಟು ನೋಡಿಲ್ಲ!” ಎಂದರು.

ಕಾಪುವಿನ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲೇ ಈ ವಾದ ಮತ್ತೆ ಎದ್ದಿತು. ಪಕ್ಕದ ಎಲೆಗೆ ಕುಳಿತ ಗಲ್ಫಿನವರೊಬ್ಬರು, “ಹೌದು ಮಾರಾಯ್ರೆ, ಊರಿಗೆ ಬರುವಾಗ ದಾರಿ ಮುಗಿಯುವುದೇ ಇಲ್ಲ” ಎಂದುಬಿಟ್ಟರು. ಭಾವನಿಗೆ ಸಾಕ್ಷಿಯೂ ಸಿಕ್ಕಿತು!

ಅಕ್ಕ ಮೊದಲ ರಜೆಗೆ ಬಂದ ದಿನ ನಿಲ್ದಾಣದ ಹೊರಗೆ ಪೈಲಟ್ ಕಾಣಿಸಿದರು. ಭಾವ ಹೋಗಿ ಕೈ ಕುಲುಕಿ, “ಬೇಜಾರು ಮಾಡ್ಬೇಡಿ ಸಾರ್. ರೋಡಿನ ಪರಿಚಯ ಆದ ಮೇಲೆ ಸ್ಪೀಡು ತನ್ನಿಂತಾನೇ ಬರ್ತದೆ” ಎಂದು ಸಮಾಧಾನ ಹೇಳಿದರು! ಕನ್ನಡ ಬಾರದ ಆ ಪುಣ್ಯಾತ್ಮ ಥ್ಯಾಂಕ್ಸ್ ಎಂದ. ನಾನು ಟ್ರಾಲಿಯ ಹಿಂದೆ ಅಡಗಿದೆ.

ರಜೆ ಮುಗಿಯಿತು. ಇನ್ನು ಎರಡು ವರ್ಷ ಅಕ್ಕ ಬರುವಂತಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಗೆಳೆಯನ ಕಾರು ತಂದು ಭಾವನೇ ಓಡಿಸಿದರು. ಮುಂದೆ ಅಕ್ಕ, ಹಿಂದೆ ನಾನು. ಅಭ್ಯಾಸಬಲದಿಂದ ಸೀಟನ್ನು ಗಟ್ಟಿಯಾಗಿ ಹಿಡಿದು ಕುಳಿತೆ. ಕಾರು ತೆವಳತೊಡಗಿತು! ಮೂಡುಬಿದಿರೆಗೆ ಮೊದಲೇ ಒಂದು ಬಸ್ಸು ನಮ್ಮನ್ನು ಹಿಂದಿಕ್ಕಿತು. ಭಾವ ವೇಗ ಹೆಚ್ಚಿಸಲಿಲ್ಲ. ಹುಲ್ಲು ಹೇರಿದ ಟೆಂಪೋ ಹಾರ್ನ್ ಹಾಕಿತು. ಭಾವ ಬದಿಗೆ ಸರಿದು ದಾರಿ ಕೊಟ್ಟರು. ಮೀನಿನ ಬುಟ್ಟಿ ಕಟ್ಟಿದ ಮೊಪೆಡ್ ಕೂಡ ನಮ್ಮನ್ನು ದಾಟಿ ಹೋಯಿತು.

“ಎಂತ ಮಾರಾಯ್ರೆ, ವಿಮಾನ ತಪ್ಪಿಸುವ ಆಲೋಚನೆ ಉಂಟಾ?” ಅಕ್ಕ ನಕ್ಕಳು.

“ಇಲ್ಲ, ತಪ್ಪುವುದಿಲ್ಲ. ಅದಕ್ಕೇ ಬೇಗ ಹೊರಟದ್ದು” ಎಂದರು ಭಾವ, ರಸ್ತೆಯಿಂದ ಕಣ್ಣು ತೆಗೆಯದೆ. “ದುಬೈಗೆ ಎರಡೇ ಗಂಟೆ. ಬಜಪೆಯಾದರೂ ಸ್ವಲ್ಪ ದೂರ ಇರಲಿ.”

ಅಕ್ಕನ ನಗು ನಿಂತಿತು. ಗೇರಿನ ಮೇಲಿದ್ದ ಅವರ ಕೈಯ ಮೇಲೆ ತನ್ನ ಕೈ ಇಟ್ಟಳು. ಹಿಂದಿನಿಂದ ಇನ್ನೊಂದು ಬಸ್ಸು ಹಾರ್ನ್ ಹಾಕುತ್ತಿತ್ತು.

“ಅವನಿಗೂ ಸೈಡ್ ಕೊಡಿ ಭಾವ” ಎಂದೆ.