ಹಿಮದ ಮೇಲಿಂದ ಒಂದು ಮಿಸ್ಡ್ ಕಾಲ್

ಸುರಕ್ಷತೆ ಎಂದರೆ ನಮ್ಮ ಮನೆಯವರಿಗೆ ತಮಾಷೆ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ನಾನು ಹನ್ನೊಂದು ವರ್ಷದಿಂದ ಸುರಕ್ಷತಾ ಸಮಿತಿಯ ಕಾರ್ಯದರ್ಶಿ. ಅಲ್ಲಿ ನಾನು ಒಂದು ಸಲ ಕೆಮ್ಮಿದರೆ ನಲವತ್ತು ಜನ ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. ನಂಜನಗೂಡಿನ ನಮ್ಮ ಮನೆಯಲ್ಲಿ ಮಾತ್ರ, ಒಗ್ಗರಣೆಗೆ ಸಾಸಿವೆ ಸಿಡಿಸುವಾಗ ಕನ್ನಡಕ ಹಾಕಿಕೋ ಎಂದು ಹೆಂಡತಿಗೆ ಹೇಳಿದ್ದಕ್ಕೆ ಎರಡು ದಿನ ಒಗ್ಗರಣೆಯಿಲ್ಲದ ಸಾರು ಉಂಡಿದ್ದೇನೆ. (ಆ ಎರಡು ದಿನ ಅಡುಗೆಮನೆಯಲ್ಲಿ ಯಾವ ಅಪಘಾತವೂ ಆಗಲಿಲ್ಲ ಎಂಬುದನ್ನು ಯಾರೂ ದಾಖಲೆ ಮಾಡಲಿಲ್ಲ.)

ಹೆಂಡತಿ ಕೋಮಲ ತಗಡೂರಿನ ಶಾಲೆಯಲ್ಲಿ ಟೀಚರು. ದಿನಾ ತನ್ನ ಸ್ಕೂಟರಿನಲ್ಲಿ ಹೋಗಿ ಬರುತ್ತಾಳೆ. ನಾನು ಹಿಂದೆ ಕೂತಾಗ ಬ್ರೇಕು, ಹಾರನ್ನು, ಎಡಗಡೆ ಎಮ್ಮೆ ಎಂದು ಒಂದೊಂದೇ ನೆನಪು ಮಾಡುತ್ತಿದ್ದೆ. ಅವಳು ನನ್ನನ್ನು ಹಿಂದೆ ಕೂರಿಸಿಕೊಳ್ಳುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು.

ಈ ಏಪ್ರಿಲ್ ರಜೆಯಲ್ಲಿ ಅವಳ ಶಾಲೆಯ ಟೀಚರುಗಳೆಲ್ಲ ಸಂಸಾರ ಸಮೇತ ಹಿಮಾಚಲಕ್ಕೆ ಹೊರಟರು. ಅಲ್ಲಿ ಎತ್ತರದ ಬಯಲುಗಳಲ್ಲಿ ಏಪ್ರಿಲ್‌ನಲ್ಲೂ ಹಿಮ ಇರುತ್ತದಂತೆ. ಆ ಹಿಮದ ಮೇಲೆ ಓಡುವ ಸ್ಕೂಟರಿನಲ್ಲಿ ಒಂದು ದಿನದ ಸವಾರಿ. ಕೋಮಲಳಿಗೆ ಬೇರೇನೂ ಬೇಕಿರಲಿಲ್ಲ. ಶಾಲು, ಸ್ವೆಟರು, ಸೇಬು, ಯಾವುದರ ಹೆಸರೂ ಎತ್ತಲಿಲ್ಲ.

"ನಾನೇ ಓಡ್ಸ್ಬೇಕು ಕಣ್ರೀ. ಇಂದೆ ಕೂತ್ಕೊಂಡು ನೋಡಕ್ಕೆ ಅಷ್ಟ್ ದೂರ ಬರಲ್ಲ."

"ಅದು ನಿನ್ನ ಸ್ಕೂಟರ್ ಅಲ್ಲ ಕೋಮಲಾ. ಹಿಮದಲ್ಲಿ ಬ್ರೇಕ್ ಹಿಡಿದ್ರೆ ನಿಲ್ಲುತ್ತೆ ಅಂತ ಗ್ಯಾರಂಟಿ ಇಲ್ಲ."

"ತಗಡೂರು ರಸ್ತೆ ಗುಂಡೀಲಿ ಅತ್ತು ವರ್ಷ ಓಡ್ಸಿದ್ದೀನಿ. ಇಮದಲ್ಲಿ ಗುಂಡಿಯಾದ್ರೂ ಇರಲ್ವಲ್ಲ."

"ಅಪಾಯದ ಕೆಲಸ ನನಗೆ ಬಿಡು. ನನ್ನ ಹತ್ರ ಸರ್ಟಿಫಿಕೇಟ್ ಇದೆ."

ಅವಳು ಮತ್ತೆ ಮಾತಾಡಲಿಲ್ಲ. ಹೆಂಡತಿ ಮಾತಾಡದಿದ್ದರೆ ಒಪ್ಪಿದಳು ಎಂದು ತಿಳಿಯುವ ಗಂಡಸರ ಪಟ್ಟಿಯಲ್ಲಿ ನನ್ನ ಹೆಸರು ಮೊದಲನೆಯದು.

ಹೊರಡುವ ದಿನ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಅಮ್ಮ, ಅಂದರೆ ಗೋವಿಂದಮ್ಮ, ಮಿಸ್ಡ್ ಕಾಲ್ ಕಾಲದವಳು. ನಾವು ತಿ. ನರಸೀಪುರದಲ್ಲಿರುವ ನನ್ನ ತಂಗಿಯ ಮನೆಗೆ ಹೋದರೂ ಬಸ್ಸಿಳಿದ ಕೂಡಲೇ ಮಿಸ್ಡ್ ಕಾಲ್ ಕೊಡಬೇಕು. ಈಗ ಫೋನಿನಲ್ಲಿ ಎಷ್ಟು ಮಾತಾಡಿದರೂ ದುಡ್ಡು ಒಂದೇ ಎಂದು ಎಷ್ಟೋ ಸಲ ಹೇಳಿದ್ದೇನೆ. ಫೋನು ಹೊಡೆದುಕೊಂಡು ತಾನಾಗಿ ನಿಂತರೆ ಮಗ ಕ್ಷೇಮ, ಎತ್ತಿದರೆ ಏನೋ ಕೆಟ್ಟ ಸುದ್ದಿ ಎಂಬುದು ಅವಳ ನಂಬಿಕೆ.

"ಆ ಬೆಟ್ಟದ್ ಮ್ಯಾಕ್ ಓಗ್ ಸೇರ್ಕಂಡೇಟ್ಗೆ ಒಂದ್ ಮಿಸ್ ಕಾಲ್ ಕೊಡ್ಲಾ ಮಗ. ನಾ ಎತ್ತಾಕಿಲ್ಲ."

"ಅಲ್ಲಿ ನೆಟ್‌ವರ್ಕೇ ಇರಲ್ಲಮ್ಮ."

"ಅಂಗಾರೆ ಓಗ್ಬ್ಯಾಡ."

ಕೊಡುತ್ತೇನೆ ಎಂದು ಮಾತು ಕೊಟ್ಟೇ ಹೊಸ್ತಿಲು ದಾಟಿದೆ.

ಹಿಮದ ತಪ್ಪಲಿನಲ್ಲಿ ಸ್ಕೂಟರ್ ಕಂಪನಿಯವರು ಒಂದೊಂದು ಜೋಡಿಗೆ ಒಂದೊಂದು ಯಂತ್ರ ಕೊಟ್ಟಾಗ ನನಗೆ ಆನಂದಬಾಷ್ಪ ಬಂತು. ಅಂಗೈಯಷ್ಟಗಲದ ಲೊಕೇಟರು. ಮೊಬೈಲು ಸಾಯುವ ಜಾಗದಲ್ಲೂ ನೇರವಾಗಿ ಉಪಗ್ರಹಕ್ಕೇ ಸುದ್ದಿ ಮುಟ್ಟಿಸುತ್ತದೆ. ಸರ್ಕಾರದ ಅನುಮತಿ ಬೇಕಂತೆ, ಕಂಪನಿಯವರ ಹತ್ತಿರ ಇತ್ತು. ಹಸಿರು ಬಟನ್ ಒತ್ತಿದರೆ 'ನಾವು ಕ್ಷೇಮ, ಇಂಥಲ್ಲಿದ್ದೇವೆ' ಎಂಬ ಮೆಸೇಜು ಮನೆಗೆ ಹೋಗುತ್ತದೆ. ದಿನಕ್ಕೆ ಐದು ಸಲ ಮಾತ್ರ. ಮುಚ್ಚಳದ ಕೆಳಗಿರುವ ಕೆಂಪು ಬಟನ್ ಪ್ರಾಣಾಪಾಯಕ್ಕೆ. ಅದನ್ನು ಐದು ಸೆಕೆಂಡು ಒತ್ತಿ ಹಿಡಿದರೆ ರಕ್ಷಣಾ ತಂಡ ಹೊರಟು ಬರುತ್ತದೆ. ಯಂತ್ರವನ್ನು ಸ್ಕೂಟರಿಗೆ ಕಟ್ಟಬಾರದು, ಓಡಿಸುವವರ ಮೈಮೇಲೇ ಇರಬೇಕು, ಅದಕ್ಕೆ ಆಕಾಶ ಕಾಣುತ್ತಿರಬೇಕು. ಗೈಡು ಹಿಂದಿಯಲ್ಲಿ ಎರಡು ನಿಮಿಷದಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಇಪ್ಪತ್ತು ನಿಮಿಷ ವಿವರಿಸಿದೆ. ಹೆಡ್‌ಮಾಸ್ಟರು ಮಲ್ಲಿಕಾರ್ಜುನ್ ಅವರು ನಿಂತಲ್ಲೇ ತೂಕಡಿಸಿದರು.

ಆಮೇಲೆ ಅರ್ಧ ಗಂಟೆ ತರಬೇತಿ. ಕೋಮಲ ಮೂರು ಸುತ್ತು ಹಾಕಿ, ಹೇಳಿದ ಜಾಗದಲ್ಲಿ ಗೆರೆ ಎಳೆದ ಹಾಗೆ ನಿಲ್ಲಿಸಿದಳು. ನಾನು ಮೊದಲನೇ ಸುತ್ತಿನಲ್ಲೇ ಹಿಮದ ಗುಡ್ಡೆಯೊಳಗೆ ಪ್ರವೇಶ ಮಾಡಿದೆ. ಗೈಡು ಅವಳ ಕಡೆ ಕೈ ತೋರಿಸಿ ಅವರೇ ಓಡಿಸಲಿ ಎಂದ. ನಾನು ಫಾರಂನಲ್ಲಿ ಚಾಲಕ ಎಂಬಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ. ಕೋಮಲ ಸಹಿಯನ್ನೊಮ್ಮೆ ನೋಡಿ, ಹಿಂದೆ ಹತ್ತಿ ಕೂತಳು. ಅವಳ ಕಣ್ಣು ಒದ್ದೆಯಾಗಿದ್ದದ್ದು ಚಳಿಗೆ ಎಂದುಕೊಂಡೆ. ಹಾಗಂದುಕೊಂಡದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ನಾನು ಓಡಿಸಿದ ವೇಗಕ್ಕೆ ನಮ್ಮನ್ನು ಒಂದು ನಾಯಿ ನಡೆದುಕೊಂಡೇ ದಾಟಿ ಹೋಯಿತು. ನಡುನಡುವೆ ನಿಲ್ಲಿಸಿ ಹಸಿರು ಬಟನ್ ಒತ್ತಿದೆ. ಹೊರಟಾಗ ಒಂದು, ಮೊದಲ ತಿರುವಿನಲ್ಲಿ ಒಂದು, ನಾಯಿ ದಾಟಿದಾಗ ಒಂದು. ಮೇಲಿನ ಬಯಲಿನ ತಗಡಿನ ಗುಡಿಸಲಿಗೆ ತಲುಪುವ ಹೊತ್ತಿಗೆ ಐದೂ ಮುಗಿದಿದ್ದವು. ಉಳಿದವರೆಲ್ಲ ಊಟ ಮುಗಿಸಿ ಮುಂದಿನ ದಿಬ್ಬಕ್ಕೆ ಹೊರಟಿದ್ದರು. ನೀವು ಇಲ್ಲೇ ಇರಿ, ಒಂದು ಗಂಟೆಯಲ್ಲಿ ಬರುತ್ತೇವೆ ಎಂದು ಗೈಡು ಕೈಮುಗಿದು ಹೇಳಿ ಹೋದ.

ಮೇಲೆ ತಲುಪಿದ ಸುದ್ದಿ ಅಮ್ಮನಿಗೆ ಮುಟ್ಟಬೇಕಿತ್ತು. ಕೊಟ್ಟ ಮಾತು. ಹಸಿರು ಮುಗಿದಿದೆ, ಉಳಿದದ್ದು ಕೆಂಪು. ಅದನ್ನು ಒತ್ತಿದರೆ ರಕ್ಷಣಾ ತಂಡದವರು ಮೊದಲು ಮನೆಗೆ ಫೋನು ಮಾಡುತ್ತಾರೆ ಎಂದು ಗೈಡು ಹೇಳಿದ್ದ.

"ಏನ್ರೀ ಮಾಡ್ತಿದ್ದೀರಾ ಮುಚ್ಚಳ ತೆಗ್ದು?" ಎಂದಳು ಕೋಮಲ.

"ಮಿಸ್ಡ್ ಕಾಲ್ ಕೊಡ್ತೀನಿ. ಒತ್ತೋದು, ದೀಪ ಮಿಣುಕಿದ ತಕ್ಷಣ ಕ್ಯಾನ್ಸಲ್ ಮಾಡೋದು. ಅವರು ಎತ್ತೋಕ್ ಮುಂಚೆ ಕಟ್."

"ಅದೇನ್ ಬಿಎಸ್‌ಎನ್‌ಎಲ್ ಫೋನಾ? ಬ್ಯಾಡ ಕಣ್ರೀ."

"ಹನ್ನೊಂದು ವರ್ಷದ ಅನುಭವ ಕೋಮಲಾ!"

ಒತ್ತಿದೆ. ಐದನೇ ಸೆಕೆಂಡಿಗೆ ದೀಪ ಮಿಣುಕಿತು. ಕ್ಯಾನ್ಸಲ್ ಒತ್ತಿ ಕೊರಳಿಗೆ ತೂಗುಹಾಕಿದ್ದ ಯಂತ್ರವನ್ನು ಜಾಕೀಟಿನೊಳಗೆ ಸೇರಿಸಿ, ಗುಡಿಸಲೊಳಗೆ ಕೂತು ಚಪಾತಿ ಬಿಚ್ಚಿದೆ. ಆಕಾಶ ಕಾಣದಿದ್ದರೆ ಯಂತ್ರ ಕೆಲಸ ಮಾಡುವುದಿಲ್ಲ ಎಂದು ಇಪ್ಪತ್ತು ನಿಮಿಷ ಭಾಷಣ ಮಾಡಿದವನು ನಾನೇ. ಕ್ಯಾನ್ಸಲ್ ಎಂಬ ಸುದ್ದಿಗೂ ಆಕಾಶ ಬೇಕು ಎಂದು ಮಾತ್ರ ಹೊಳೆಯಲಿಲ್ಲ. ತಗಡಿನ ಸೂರಿನ ಕೆಳಗೆ ಅದು ನನ್ನ ಜಾಕೀಟಿನೊಳಗೇ ಉಳಿಯಿತು.

ಮುಕ್ಕಾಲು ಗಂಟೆಯಾದ ಮೇಲೆ ಹೊರಗೆ ಗುಡುಗಿದ ಹಾಗೆ ಸದ್ದಾಯಿತು. ಕೆಂಪು ಜಾಕೀಟಿನ ಇಬ್ಬರು ದಾಂಡಿಗರು ಒಂದು ಸ್ಕೂಟರಿನಲ್ಲಿ ಬಂದಿಳಿದರು. ಅದರ ಹಿಂದೆ ರೋಗಿಯನ್ನು ಮಲಗಿಸಿ ಎಳೆಯುವ ಒಂದು ಜಾರುಬಂಡಿ.

"ಯಾರಿಗೆ ಏನಾಗಿದೆ?" ಎಂದು ಹಿಂದಿಯಲ್ಲಿ ಕೇಳಿದರು.

"ಯಾರಿಗೂ ಏನೂ ಆಗಿಲ್ಲ. ನಾನು ಮಿಸ್ಡ್ ಕಾಲ್ ಕೊಟ್ಟೆ" ಎಂದೆ, ನನಗೆ ಬರುವ ಹಿಂದಿಯಲ್ಲಿ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಎತ್ತರದಲ್ಲಿ ಪ್ರಾಣವಾಯು ಕಡಿಮೆಯಾಗಿ ಕೆಲವರಿಗೆ ಬುದ್ಧಿ ಮಂಕಾಗುತ್ತದಂತೆ. ಹಾಗಾದವರು ತಮಗೇನೂ ಆಗಿಲ್ಲ ಎಂದೇ ಹಟ ಮಾಡುತ್ತಾರಂತೆ. ಈತನಂತೂ ಲೊಕೇಟರನ್ನು ಫೋನು ಎಂದುಕೊಂಡಿದ್ದಾನೆ! ನಾನು ಜೋರು ಮಾಡಿದಷ್ಟೂ ಕಾಯಿಲೆ ಖಚಿತವಾಗುತ್ತಾ ಹೋಯಿತು. ಡಾಕ್ಟರು ನೋಡುವ ತನಕ ಬಟನ್ ಒತ್ತಿದವನು ರೋಗಿ, ಮಲಗಿಸಿಯೇ ಕರೆದೊಯ್ಯಬೇಕು ಎಂಬುದು ಅವರ ನಿಯಮ. ನಿಯಮ ಎಂದ ಮೇಲೆ ನಾನು ಏನು ಹೇಳಲಿ?

"ನಿಮ್ಮ ಮನೆಗೂ ಮೂರು ಸಲ ಫೋನ್ ಮಾಡಿದೆವು, ನಿಜವೋ ಸುಳ್ಳೋ ಕೇಳೋಣ ಅಂತ. ಯಾರೂ ಎತ್ತಲಿಲ್ಲ. ಅದಕ್ಕೇ ಹೊರಟು ಬಂದೆವು" ಎಂದ ಇಬ್ಬರಲ್ಲಿ ದೊಡ್ಡವನು.

(ಆ ಹೊತ್ತಿನಲ್ಲಿ ಅಮ್ಮ ಹೊಡೆದುಕೊಳ್ಳುತ್ತಿದ್ದ ಫೋನಿಗೆ ಮೂರು ಸಲವೂ ಕೈಮುಗಿದು, ಪಕ್ಕದ ಮನೆಯ ಚನ್ನಬಸಮ್ಮನಿಗೆ ಹೇಳಿದಳಂತೆ: "ನನ್ ಮಗ ಒಂದಲ್ಲ, ಮೂರ್ ಮಿಸ್ ಕಾಲ್ ಕೊಟ್ಟವ್ನೆ ಕಣವ್ವ. ಬಾಳ ಸಂದಾಗವ್ನೆ.")

ನನ್ನನ್ನು ಕಂಬಳಿಯಲ್ಲಿ ಸುತ್ತಿ, ಕೈಯನ್ನೂ ಸೇರಿಸಿ ಐದು ಪಟ್ಟಿ ಬಿಗಿದರು. ಅಷ್ಟರಲ್ಲಿ ಅವರ ವೈರ್‌ಲೆಸ್ ಮಾತಾಡಿತು. ಆಚೆ ಇಳಿಜಾರಿನಲ್ಲಿ ಬೇರೆ ತಂಡದ ಒಬ್ಬ ಹೆಂಗಸಿಗೆ ಉಸಿರಾಟದ ತೊಂದರೆ, ನಿಜವಾದ ತೊಂದರೆ. ಅರ್ಧ ಗಂಟೆಯಿಂದ ಕಾಯುತ್ತಿದ್ದಾರೆ. ಕಾಯುತ್ತಿದ್ದದ್ದು ನನ್ನಿಂದ. ಮಲಗಿದ್ದಲ್ಲೇ ಬಂಡಿ ಅವರಿಗೇ ಕೊಡಿ ಎಂದು ಕೂಗಿದೆ. ಅವರನ್ನು ಹಿಂದೆ ಕೂರಿಸಿಕೊಂಡೇ ತರಬಹುದು, ನೀನು ಸುಮ್ಮನಿರು ಎಂದು ಚಿಕ್ಕವನು ಆಕ್ಸಿಜನ್ ಎತ್ತಿಕೊಂಡು ತಮ್ಮ ಸ್ಕೂಟರಿನಲ್ಲಿ ಹೊರಟೇ ಹೋದ. (ಆಕೆ ಸಂಜೆಗೆ ಚೇತರಿಸಿಕೊಂಡರು.)

ದೊಡ್ಡವನು ಬಂಡಿಯನ್ನು ನಮ್ಮ ಸ್ಕೂಟರಿಗೆ ಸಿಕ್ಕಿಸಿದ. ಬಂಡಿಯ ಹಿಂದೆ ನಿಂತು ಬ್ರೇಕು ಹಿಡಿಯಲು ಒಬ್ಬ ಬೇಕು, ಅದು ಅವನು. ಓಡಿಸಲು ಒಬ್ಬರು ಬೇಕು. ಅವನು ನನ್ನ ಕೊರಳಿನಿಂದ ಲೊಕೇಟರು ಬಿಚ್ಚಿ ಕೋಮಲಳ ಕೈಗೆ ಕೊಟ್ಟ.

"ದೀದಿ, ನಿಮಗೆ ಓಡಿಸಲು ಬರುತ್ತದಾ?"

ಕೋಮಲ ಲೊಕೇಟರನ್ನು ಜೇಬಿಗೆ ಹಾಕಿ ಜಿಪ್ ಎಳೆದಳು. ನಾಲ್ಕು ವರ್ಷದ ಮೇಲೆ ಹೆಂಡತಿ ನನ್ನನ್ನು ಹಿಂದೆ ಹಾಕಿಕೊಂಡು ಹೊರಟಳು.

ಅವಳು ಓಡಿಸಿದ್ದು ಹೇಗೆ ಎಂದು ಹೇಳಲೇಬೇಕು. ಚೆನ್ನಾಗಿ ಓಡಿಸಿದಳು. ತಿರುವಿನಲ್ಲಿ ಮೈ ಬಾಗಿಸಿ, ಇಳಿಜಾರಿನಲ್ಲಿ ಹಿಡಿದು, ಬಯಲು ಸಿಕ್ಕಿದಲ್ಲಿ ಬಿಟ್ಟು. ಹಿಮದ ಪುಡಿ ನನ್ನ ಬಾಯಿಗೇ ಬೀಳುತ್ತಿತ್ತು.

"ನಿಧಾನ ಕೋಮಲಾ! ಬ್ರೇಕು! ಎಡಕ್ಕೆ!"

"ರೋಗಿ ಏನನ್ನುತ್ತಿದ್ದಾರೆ?" ಎಂದು ದೊಡ್ಡವನು ಕೂಗಿ ಕೇಳಿದ.

"ಬೇಗ ಹೋಗು ಅಂತಿದ್ದಾರೆ" ಎಂದು ಕೋಮಲ ಹಿಂದಿಯಲ್ಲಿ ಕೂಗಿದಳು. ಅವಳ ಹಿಂದಿ ನನ್ನದಕ್ಕಿಂತ ಶುದ್ಧ.

ಸುದ್ದಿ ತಿಳಿದು ನಮ್ಮ ಹಿಂದೆಯೇ ಇಳಿದು ಬಂದ ಟೀಚರುಗಳು ತಪ್ಪಲಿನಲ್ಲಿ ಚಪ್ಪಾಳೆ ಹೊಡೆದರು. ಗಂಡನನ್ನು ಹಿಮದಿಂದ ಪಾರು ಮಾಡಿ ತಂದ ವೀರವನಿತೆ ಎಂದು ಮಲ್ಲಿಕಾರ್ಜುನ್ ಮೇಷ್ಟ್ರು ಘೋಷಿಸಿದರು. ಫೋಟೋ ತೆಗೆದರು. ಮುಖ ಮುಚ್ಚಿಕೊಳ್ಳಲು ನನಗೆ ಕೈ ಇರಲಿಲ್ಲ. ದೊಡ್ಡವನು ಡಾಕ್ಟರನ್ನು ಕರೆತರಲು ಆಚೆಗಿದ್ದ ಚಿಕಿತ್ಸೆಯ ಡೇರೆಯ ಕಡೆ ಹೋದ.

ಕೋಮಲ ಇಳಿದು ಬಂದು ನನ್ನ ಮೇಲೆ ಬಗ್ಗಿದಳು. ಕೆನ್ನೆ ಕೆಂಪಾಗಿತ್ತು. ಮದುವೆಯಾದಾಗಿನಿಂದ ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ನೋಡಿರಲಿಲ್ಲ.

"ತಪ್ಪಾಯ್ತು ಕೋಮಲಾ. ಮೊದಲೇ ನಿನಗೆ ಕೊಡಬೇಕಿತ್ತು" ಎಂದೆ. ಮನಸ್ಸಿನಿಂದಲೇ ಹೇಳಿದೆ.

"ಇರ್ಲಿ ಬಿಡಿ" ಎಂದು ನನ್ನ ಮುಖದ ಮೇಲಿನ ಹಿಮ ಒರೆಸಿದಳು. ಆಮೇಲೆ ಮೊದಲನೇ ಪಟ್ಟಿಗೆ ಕೈ ಹಾಕಿದವಳು ಡೇರೆಯ ಕಡೆ ತಿರುಗಿ ನೋಡಿದಳು.

"ಡಾಕ್ಟ್ರು ಬರಕ್ಕೆ ಎಷ್ಟೊತ್ತಾಗುತ್ತೆ ರೀ?"

"ಹತ್ತು ನಿಮಿಷ ಆಗಬಹುದು. ಬಿಚ್ಚು ಬೇಗ."

"ಅತ್ತು ನಿಮಿಷ ಇದ್ಯಾ?" ಎಂದು ಅವಳು ಪಟ್ಟಿಯನ್ನು ಇನ್ನೊಂದು ತೂತು ಬಿಗಿ ಮಾಡಿ, ಹೋಗಿ ಸ್ಕೂಟರು ಹತ್ತಿದಳು. "ಅಂಗಾದ್ರೆ ಒಂದು ರೌಂಡು ಓಗ್ಬರಣ."

ನಿಜವಾದ ಪ್ರಾಣಾಪಾಯ ನನಗೆ ಆಗ ಶುರುವಾಯಿತು. ಲೊಕೇಟರು ನಿಯಮದ ಪ್ರಕಾರ ಓಡಿಸುವವರ ಮೈಮೇಲಿತ್ತು.