ಕೋಳಿಗಳ ಪಂಕ್ತಿ

ರಮಾಕಾಂತನ ತೊಂದರೆ ಶುರುವಾದದ್ದು ಆರು ಮೊಟ್ಟೆಗಳಿಂದ. ಕಡಿಮೆಯಾಗಿದ್ದರೆ ಯಾರನ್ನಾದರೂ ಬೈದು ಸುಮ್ಮನಾಗುತ್ತಿದ್ದ. ಆದರೆ ಆರು ಹೆಚ್ಚಾಗಿದ್ದವು, ಅದೂ ಹೆಚ್ಚಾಗಬಾರದ ಸಾಲಿನಲ್ಲಿ.

ವಿಶಾಖಪಟ್ಟಣದ ಋಷಿಕೊಂಡದಲ್ಲಿ ಆಫೀಸಿದ್ದ ಒಂದು ಕಂಪನಿ ಮೊಟ್ಟೆಕೋಳಿಗಳಿಗೆಂದು ಪುಡಿಯೊಂದನ್ನು ತಯಾರಿಸಿತ್ತು. ಕೋಳಿಯ ಕರುಳಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳು ತುಂಬಿಕೊಂಡರೆ ಕೆಟ್ಟವಕ್ಕೆ ಜಾಗ ಸಿಗುವುದಿಲ್ಲ, ರೋಗ ತಡೆಯುವ ಶಕ್ತಿ ಹೆಚ್ಚುತ್ತದೆ, ತಿಂದದ್ದು ಮೈಗೆ ಹತ್ತಿ ಮೊಟ್ಟೆಯ ಚಿಪ್ಪು ಗಟ್ಟಿಯಾಗುತ್ತದೆ ಎಂಬುದು ಅವರ ನಂಬಿಕೆ. ಅದನ್ನು ಪರೀಕ್ಷಿಸಲು ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂನಲ್ಲಿ, ಸುಬ್ರಹ್ಮಣ್ಯ ಎಂಬವರ ಶೆಡ್ಡಿನಲ್ಲಿ, ಐವತ್ತೈವತ್ತು ಕೋಳಿಗಳ ಎರಡು ಸಾಲು ಪಂಜರ ಇಟ್ಟಿದ್ದರು. ಎಡಸಾಲಿಗೆ ಮೇವಿನ ಜೊತೆ ಪುಡಿ, ಬಲಸಾಲಿಗೆ ಬರೀ ಮೇವು. ಗುರುತಿಗೆ ಒಂದು ಸಾಲಿಗೆ ‘ಪುಡಿ ಇದೆ’ ಎಂದೂ ಇನ್ನೊಂದಕ್ಕೆ ‘ಪುಡಿ ಇಲ್ಲ’ ಎಂದೂ ತಗಡಿನ ಬೋರ್ಡು.

ಇದನ್ನೆಲ್ಲ ನೋಡಿಕೊಳ್ಳಲು ಬಂದವನು ರಮಾಕಾಂತ. ಪುಡಿ ಗೆದ್ದರೆ ಅವನ ಊರಾದ ದಾವಣಗೆರೆಯಲ್ಲೇ ಶಾಖೆ ತೆರೆದು ಅವನನ್ನೇ ಕೂರಿಸುತ್ತೇವೆ ಎಂದು ಕಂಪನಿ ಮಾತು ಕೊಟ್ಟಿತ್ತು. ಅಂದಿನಿಂದ ಅವನು ಕೋಳಿಗಳನ್ನು ಊರಿನ ಬಸ್ಸು ಕಾಯುವವನ ಹಾಗೆ ನೋಡುತ್ತಿದ್ದ. ಎರಡು ತಿಂಗಳಾದರೂ ಎರಡೂ ಸಾಲಿನ ಮೊಟ್ಟೆ ಸಮಸಮವಾಗಿಯೇ ಇತ್ತು. ಪುಡಿ ನಿಧಾನವಾಗಿ ಹಿಡಿಯುತ್ತದೆ ಎಂದು ಧೈರ್ಯ ತಂದುಕೊಂಡು, ಹದಿನೈದು ದಿನ ರಜೆ ಹಾಕಿ, ಊರಿಗೆ ಹೋಗಿ ಬಾಡಿಗೆ ಮನೆಯನ್ನೂ ಗೊತ್ತುಮಾಡಿ ಬಂದ. ಅಷ್ಟು ದಿನ ಕೋಳಿಗಳಿಗೆ ಮೇವು ಹಾಕಿದವಳು ಶೆಡ್ಡಿನ ಕೋಟೇಶ್ವರಮ್ಮ.

ಮರಳಿದ ಮರುದಿನವೇ ಕಂಪನಿಯ ಡಾ. ರಾಜ್ಯಲಕ್ಷ್ಮಿ ಬರುವವರಿದ್ದರು. ಬೆಳಿಗ್ಗೆ ಎಣಿಸಿದರೆ ಎಡಸಾಲಿನಲ್ಲಿ ನಲವತ್ತೊಂದು ಮೊಟ್ಟೆ, ಬಲಸಾಲಿನಲ್ಲಿ ನಲವತ್ತೇಳು. ರಮಾಕಾಂತ ಮತ್ತೆ ಎಣಿಸಿದ. ಮೊಟ್ಟೆಗಳು ಅವನ ಕಷ್ಟ ನೋಡಿ ಕರಗಲಿಲ್ಲ.

ಕೋಟೇಶ್ವರಮ್ಮನನ್ನು ಕರೆದು ಕೇಳಿದ. ಅವಳು ಬಳ್ಳಾರಿ ಕಡೆಯಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾಗಿತ್ತು. ತೆಲುಗು ಬೆರೆತ ಕನ್ನಡದಲ್ಲಿ ಅಳುಕಿಲ್ಲದೆ ಹೇಳಿದಳು:

“ಒಂದು ಪಂಕ್ತಿಗೆ ಬಡಿಸಿ, ಇನ್ನೊಂದು ಪಂಕ್ತೀನ ಬಾಯಿ ನೋಡ್ಕೊಂತ ಕುಂದ್ರಸೋದಾ ಸಾರ್? ಪಂಕ್ತಿಭೇದ ಮಾಡಿದ್ರ ಪಾಪ ಅಂಡಿ. ಅದಕ್ಕ ಈ ಸಾಲಿಗೆ ನಮ್ಮನಿ ತರವಾಣಿ ಹಾಕೀನಿ.”

ತರವಾಣಿ ಎಂದರೆ ಅನ್ನ ಬಸಿದ ಗಂಜಿಯನ್ನು ದಿನದಿನವೂ ಮಡಕೆಗೆ ಸುರಿದು ಹುಳಿ ಬರಿಸಿದ ನೀರು. ರಮಾಕಾಂತ ಲೆಕ್ಕದ ಪುಸ್ತಕ ಮುಚ್ಚಿದ. ಕಂಪನಿಯ ಪುಡಿಯನ್ನು ಒಂದು ಮಡಕೆ ಸೋಲಿಸಿದೆ ಎಂದು ಬರೆದರೆ ದಾವಣಗೆರೆಯ ಆಸೆಯನ್ನು ಬಿಟ್ಟಂತೆಯೇ.

ಅಷ್ಟರಲ್ಲಿ ಶೆಡ್ಡಿನ ಯಜಮಾನ ಸುಬ್ರಹ್ಮಣ್ಯ ಬಂದರು. ಕೇಳದೆ ಸಲಹೆ ಕೊಡುವುದು ಅವರ ಹವ್ಯಾಸ. ಕೋಳಿಗಳಿಗೆ ಓದಲು ಬರುವುದಿಲ್ಲ, ಬೋರ್ಡು ಅದಲುಬದಲು ಮಾಡಿದರೆ ಯಾರಿಗೂ ನಷ್ಟವಿಲ್ಲ ಎಂದರು. ರಮಾಕಾಂತ ಹೆದರುತ್ತಲೇ ಅದಲುಬದಲು ಮಾಡಿದ.

ಮಧ್ಯಾಹ್ನ ಡಾಕ್ಟರು ಬಂದರು. ರೆಕ್ಕೆಯ ನರದಿಂದ ರಕ್ತ ತೆಗೆದು, ಹಿಕ್ಕೆಯನ್ನು ಚಿಕ್ಕ ಶೀಶೆಗಳಿಗೆ ತುಂಬಿ, ‘ಪುಡಿ ಇದೆ’ ಬೋರ್ಡಿನ ಸಾಲಿನ ಮೊಟ್ಟೆಗಳನ್ನು ಒಂದೊಂದಾಗಿ ಬೆರಳಲ್ಲಿ ತಟ್ಟಿ ನೋಡಿದರು. ಎರಡೂ ಸಾಲಿನ ಎಣಿಕೆ ಬರೆದುಕೊಂಡರು. ಆಮೇಲೆ ಪುಡಿ ಹಾಕುವುದನ್ನು ಕಣ್ಣಾರೆ ನೋಡಬೇಕೆಂದರು.

ಕೋಟೇಶ್ವರಮ್ಮ ಕಂಪನಿಯ ಚೀಲದಿಂದ ಪುಡಿಯನ್ನು ಬುಟ್ಟಿಗೆ ಸುರಿದುಕೊಂಡು ಅಭ್ಯಾಸದಂತೆ ಎಡಸಾಲಿಗೇ ಹೊರಟಳು. ರಮಾಕಾಂತ ಅಡ್ಡ ನಿಂತು ಬಲಗಡೆಗೆ ಕಣ್ಸನ್ನೆ ಮಾಡಿದ. ಅವಳು ಒಪ್ಪಲಿಲ್ಲ. ಬಲಸಾಲಿನವು ಆಗಲೇ ತರವಾಣಿ ಕುಡಿದಿವೆ, ಒಂದೇ ಪಂಕ್ತಿಗೆ ಎರಡು ಸಲ ಬಡಿಸುವುದೂ ಭೇದವೇ ಎಂದು ಪಿಸುಗುಟ್ಟಿದಳು. ಕೊನೆಗೆ ಅವನೇ ಬುಟ್ಟಿ ಕಿತ್ತುಕೊಂಡು ಬಲಸಾಲಿಗೆ ಪುಡಿ ಹಾಕಿದ. ಹುಳಿನೀರಿನ ರುಚಿ ಕಂಡಿದ್ದ ಕೋಳಿಗಳು ಪುಡಿಯನ್ನು ಮೂಸಿಯೂ ನೋಡದೆ ಅವನ ಗಡಿಯಾರವನ್ನು ಕುಕ್ಕಿದವು. ಸುಬ್ರಹ್ಮಣ್ಯ ಫೋನು ಬಂದವರಂತೆ ಹೊರಗೆ ನಡೆದರು.

ಡಾಕ್ಟರು ಬೆಂಗಳೂರಿನಲ್ಲಿ ಓದುವಾಗ ಕಲಿತ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: “ರಮಾಕಾಂತ್, ಆ ಚೀಲದಲ್ಲಿ ಇರೋದು ಪುಡಿ ಅಲ್ಲ. ಬರೀ ತೌಡು.”

ನೋಡಿಕೊಳ್ಳುವವರ ಆಸೆ ಎಣಿಕೆಯೊಳಗೆ ನುಸುಳಬಾರದೆಂದು ಮೂರು ಊರಿಗೆ ಚೀಲ ಕಳಿಸುವಾಗ ಒಂದು ಊರಿಗೆ ಬೇಕೆಂದೇ ತೌಡು ತುಂಬಿದ್ದರಂತೆ. ಉಳಿದೆರಡು ಊರಲ್ಲಿ ಪುಡಿ ಗೆದ್ದಿದ್ದರಿಂದ, ಇಲ್ಲಿ ಎರಡೂ ಸಾಲು ಸಮ ಬಂದಿದ್ದರೆ ಅವನ ಕೆಲಸ ಪ್ರಾಮಾಣಿಕ ಎಂದು ಬರೆದು, ದಾವಣಗೆರೆಯ ಕಾಗದಕ್ಕೆ ಇಂದೇ ಸಹಿ ಹಾಕುವವರಿದ್ದರಂತೆ. ಈಗ ತೌಡು ತಿಂದ ಕೋಳಿಗಳು ಆರು ಮೊಟ್ಟೆ ಹೆಚ್ಚಿಗೆ ಹಾಕಿದ್ದು ಹೇಗೆ ಎಂದು ಕೇಳಿದರು.

ರಮಾಕಾಂತ ಎಲ್ಲವನ್ನೂ ಹೇಳಿಬಿಟ್ಟ. ಡಾಕ್ಟರು ಬೈಯಲಿಲ್ಲ, ನೇರ ಮಡಕೆಯ ಹತ್ತಿರ ಹೋದರು. ಮೂಸಿದರು, ಬಗ್ಗಿ ನೋಡಿದರು, ಕೋಟೇಶ್ವರಮ್ಮನ ಕೈ ಹಿಡಿದುಕೊಂಡರು. ಪುಡಿಯ ಕೆಲಸ ಹಾಗಿರಲಿ, ಇನ್ನು ಮೇಲೆ ಈ ಮಡಕೆಯ ಪರೀಕ್ಷೆ ಎಂದರು. ಕೋಟೇಶ್ವರಮ್ಮ ಅದಕ್ಕೆ ಸಲಹೆಗಾರ್ತಿ. ಅವಳು ಅಳತೆಯಿಲ್ಲದೆ ಕೈಯಂದಾಜಿನಲ್ಲಿ ಸುರಿಯುವುದರಿಂದ ಪಕ್ಕದಲ್ಲಿ ನಿಂತು ಬರೆದುಕೊಳ್ಳಲು ಒಬ್ಬರು ಬೇಕು. ಅದು ರಮಾಕಾಂತ, ಇನ್ನೆರಡು ವರ್ಷ.

ಅವನು ಹೊರಗೆ ಹೋಗಿ, ಆ ಬಾಡಿಗೆ ಮನೆ ಬೇಡವೆಂದು ಹೆಂಡತಿಗೆ ಫೋನು ಮಾಡಿ ಬಂದ. ಒಳಗೆ ಕೋಟೇಶ್ವರಮ್ಮ ಊಟಕ್ಕೆ ಎಲೆ ಹಾಕಿ, ಡಾಕ್ಟರಿಗೂ ಯಜಮಾನರಿಗೂ ಒಂದೊಂದು ಲೋಟ ತರವಾಣಿ ಕೊಟ್ಟಿದ್ದಳು. ವಾಸನೆಗೆ ರಮಾಕಾಂತ ಕೈ ಅಡ್ಡ ಹಿಡಿದ.

“ಎಲ್ಲರಿಗೂ ಹಾಕಿ ನಿಮಗೊಬ್ಬರಿಗೆ ಬಿಡಂಗಿಲ್ಲ ಸಾರ್,” ಎಂದು ಅವಳು ಲೋಟ ತುಂಬಿದಳು.

ಅವನು ಮೂಗು ಹಿಡಿದು ಕುಡಿದ. ಎದುರಿಗೆ ಡಾಕ್ಟರು ಗಡಿಯಾರ ನೋಡಿ, ಪರೀಕ್ಷೆಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಮಯ ಬರೆದುಕೊಂಡರು.