ವಾರ್ಡಿಗೊಂದು ಸುಡುಗಾಡಿನ ಮಾಡು

ಜೂನ್ ಎಂಟು. ಬೆಳಗ್ಗೆಯಿಂದ ಮೋಡ. ಗಾಳಿ ಇಲ್ಲ, ಮಧ್ಯಾಹ್ನದವರೆಗೆ ಮಳೆಯೂ ಇಲ್ಲ.

ಗ್ರಾಮ ಪಂಚಾಯಿತಿಯ ಸದಸ್ಯನಾಗಿ ನನಗೆ ಈ ವಾರ ವರ್ಷ ತುಂಬಿತು. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ವಾರ್ಡು. ಮೇಲಿನಕೇರಿ, ಕೆಳಗಿನಕೇರಿ ಎಂದು ಎರಡು ಭಾಗ. ತಂತಮ್ಮ ಅಭ್ಯರ್ಥಿ ಗೆಲ್ಲುವುದಿಲ್ಲ ಎಂದು ಎರಡೂ ಕೇರಿಗೆ ಖಾತ್ರಿಯಾದ ಮೇಲೆ, ಊರಲ್ಲಿ ಮಾತಾಡದವನು ಯಾರು ಎಂದು ಹುಡುಕಿ ನನ್ನನ್ನು ಅವಿರೋಧವಾಗಿ ಆರಿಸಿದರು. ನಾನೂ ವಿರೋಧಿಸಲಿಲ್ಲ. ಅದಕ್ಕೂ ಮಾತಾಡಬೇಕಿತ್ತು.

ಸದಸ್ಯನಾದವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅರ್ಜಿಗಳ ಜೊತೆ ಅದೂ ಜಗುಲಿಗೆ ಬಂದು ಕೂರುತ್ತದೆ. ವರ್ಷದಲ್ಲಿ ನಾನು ಮಾಡಿಸಿದ ದೊಡ್ಡ ಕೆಲಸ ಒಂದೇ: ಸುಡುಗಾಡಿಗೆ ಒಂದು ಮಾಡು, ಅಂದರೆ ಕಂಬದ ಮೇಲೊಂದು ಚಾವಣಿ. ನಕ್ಕಿದ್ದೆಲ್ಲ ಅದರ ಕಾರಣಕ್ಕೇ.

೧. ಬೇಡಿಕೆ

ಕಳೆದ ಮಳೆಗಾಲದ ವಾರ್ಡ್ ಸಭೆ. ಬೀದಿದೀಪ, ಮೋರಿ, ನಲ್ಲಿ ಎಲ್ಲ ಆದ ಮೇಲೆ ಹಿಂದಿನ ಸಾಲಿನಿಂದ ಕೆಳಗಿನಕೇರಿಯ ಅಜ್ಜ ಎದ್ದು ನಿಂತ. ಜೀವಮಾನವಿಡೀ ಕೂಲಿ ಮಾಡಿದವನು. ಮಗ ಕಿರವತ್ತಿಯ ಢಾಬಾ ಒಂದರಲ್ಲಿ ಅಡುಗೆಗಿದ್ದಾನೆ.

“ನಂಗೊಂದು ಮಾಡು ಬೇಕು,” ಅಂದ.

“ಮನೀಗೇನ್ರೀ?” ಎಂದು ಪಿಡಿಒ ಕೇಳಿದರು. ಪಂಚಾಯಿತಿಯ ಅಧಿಕಾರಿ, ಹಾವೇರಿ ಕಡೆಯವರು.

“ಮನೆಗಲ್ಲ. ಸತ್ತ ಮೇಲೆ.”

ನಮ್ಮಲ್ಲಿ ಸ್ವಂತ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಇದ್ದ ಮನೆಯವರು ತಮ್ಮವರನ್ನು ತಮ್ಮ ಬೆಟ್ಟದಲ್ಲೇ ಸುಡುತ್ತಾರೆ. ಜಾಗ ಇಲ್ಲದವರಿಗೆ ಹಳ್ಳದ ದಂಡೆ, ಮೇಲೆ ಆಕಾಶ. ಅಜ್ಜನಿಗೆ ಜಾಗ ಇಲ್ಲ.

“ನಮ್ಮಣ್ಣ ಆಷಾಢದಲ್ಲಿ ಹೋದ. ನಾಲ್ಕು ಜನ ತಾಡಪಾಲು ಹಿಡ್ಕಂಡು ನಿಂತ್ರು. ಬೆಂಕಿ ಮೊದ್ಲು ತಾಡಪಾಲಿಗೇ ಹತ್ತಿತು. ಹಿಡ್ದವ್ರು ಓಡಿ ಹೋದ್ರು. ಅಣ್ಣ ಓಡೂಕೆ ಆಗ್ತದ್ಯಾ? ಅಲ್ಲೇ ಮಳೆಯಲ್ಲಿ ನೆನೀತಾ ಮಲಗಿದ್ದ.” ಯಾರೋ ನಕ್ಕರು. ಅಜ್ಜ ನಗಲಿಲ್ಲ. “ನಂಗೆ ಹಂಗಾಗೂದು ಬ್ಯಾಡ. ಒಣ ಜಾಗದಲ್ಲಿ ಸುಟ್ರೆ ಸಾಕು. ಮುಂದಿನ ಮಳೆಗಾಲದೊಳಗೆ ಮಾಡ್ಕೊಡಿ. ಅಲ್ಲೀವರೆಗೆ ನಾನು ತಡ್ಕಂತೆ.”

ಪಿಡಿಒ ಬರೆದುಕೊಂಡು, ಸಮಾಧಾನ ಹೇಳುವ ದನಿಯಲ್ಲಿ ಅಂದರು: “ಅಜ್ಜಾರ, ಗಡಿಬಿಡಿ ಮಾಡಬ್ಯಾಡ್ರಿ. ಅನುದಾನ ಬರೋತನಕ ಬದುಕ್ರಿ.”

೨. ಜಾಗ

ಅನುದಾನ ಬಂತು. ಜಾಗ ಎಲ್ಲಿ ಎಂಬ ಪ್ರಶ್ನೆಯೂ ಬಂತು.

ನೀರಿನ ಟ್ಯಾಂಕು ಯಾರ ಕೇರಿಗೆ ಎಂದು ಎರಡೂ ಕಡೆಯವರು ಅಂಗಿ ಹಿಡಿದುಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಈಗ ಮೇಲಿನಕೇರಿಯವರು ಎದ್ದು, “ಕೆಳಗಿನಕೇರಿಗೇ ಕೊಡಿ. ಪಾಪ, ಅವರಿಗೆ ಇಲ್ಲಿವರೆಗೆ ಎಂತ ಸೌಲಭ್ಯವೂ ಸಿಕ್ಕಿಲ್ಲ,” ಅಂದರು. ಕೆಳಗಿನಕೇರಿಯವರು ಕೈಮುಗಿದು, “ಛೆ ಛೆ, ನೀವು ಹಿರಿಯರು. ನಿಮ್ಮಲ್ಲೇ ಮೊದಲಾಗಲಿ,” ಅಂದರು. ಸರ್ಕಾರದ ಅನುದಾನವನ್ನು ಒಬ್ಬರಿಗೊಬ್ಬರು ಇಷ್ಟು ಪ್ರೀತಿಯಿಂದ ಬಿಟ್ಟುಕೊಟ್ಟದ್ದನ್ನು ನಾನು ಕಂಡಿಲ್ಲ.

ಕೊನೆಗೆ ಎರಡೂ ಕೇರಿಯ ನಡುವೆ ಹಳ್ಳದ ದಂಡೆಯೇ ಗಟ್ಟಿಯಾಯಿತು. ಗುತ್ತಿಗೆ ಹಿಡಿದವರು ಶಿರಸಿಯಲ್ಲಿ ಶೀಟಿನ ವ್ಯಾಪಾರ ಮಾಡುವವರು; ಊರೆಲ್ಲ ಭಾಯಿ ಎನ್ನುತ್ತದೆ. ಅವರು ಟೇಪು ಹಿಡಿದು ಬಂದ ದಿನ ನಾನೂ ಹೋಗಿದ್ದೆ. ಅಜ್ಜ ನಮಗಿಂತ ಮೊದಲೇ ಬಂದಿದ್ದ.

“ಇಷ್ಟುದ್ದ ಸಾಕಾ ಮೆಂಬರ್ರೇ?” ಎಂದು ಭಾಯಿ ನನ್ನನ್ನು ಕೇಳಿದರು. ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅಜ್ಜ ಟವೆಲು ಹಾಸಿ, ಟೇಪಿನ ಪಕ್ಕಕ್ಕೆ ನೆಟ್ಟಗೆ ಮಲಗಿಬಿಟ್ಟ.

“ನಂಗೆ ಸಾಕು,” ಅಂದ ಮಲಗಿದಲ್ಲಿಂದಲೇ. “ಆದ್ರೆ ಮಗ ನನ್ಕಿಂತ ಉದ್ದ. ಇನ್ನೊಂದು ಗೇಣು ಬಿಡಿ.”

ಭಾಯಿಯ ಕೈಯಿಂದ ಟೇಪು ಜಾರಿ ಸರ್ರೆಂದು ಸುತ್ತಿಕೊಂಡಿತು. “ಅಜ್ಜಾ, ಮೊದ್ಲು ಏಳಿ ನೀವು! ಮನೆ ಅಳತೆ ಮಾಡಿದ್ದೆ, ಅಂಗ್ಡಿ ಅಳತೆ ಮಾಡಿದ್ದೆ. ಗಿರಾಕಿನೇ ಮಲಗಿ ತೋರ್ಸಿದ್ದು ಇವತ್ತೇ.”

೩. ಶೀಟು

ನೀಲಿ ಬಣ್ಣದ ಶೀಟುಗಳು ಬಂದು ಪಂಚಾಯಿತಿ ಕಟ್ಟಡದ ಹಿಂದೆ ಕೂತವು. ಕಂಬ ಹಾಕುವವರು ನಾಳೆ ನಾಡಿದ್ದು ಎನ್ನುತ್ತಲೇ ಇದ್ದರು. ಅಜ್ಜ ದಿನಾ ಬಂದು ಶೀಟು ಮುಟ್ಟಿ ನೋಡಿ ಹೋಗುತ್ತಿದ್ದ. ಒಂದು ಬೆಳಗ್ಗೆ ಓಡಿ ಬಂದ: “ಮೆಂಬರ್ರೇ, ಶೀಟು ಇಲ್ಲ!”

ಅವತ್ತು ಮೇಲಿನಕೇರಿಯಲ್ಲಿ ಮದುವೆ. ಹುಡುಕುವುದನ್ನು ಊಟದ ನಂತರ ನೋಡೋಣ ಎಂದು ಅಜ್ಜನನ್ನೂ ಕರೆದುಕೊಂಡು ಹೋದೆ. ಪಂಕ್ತಿಯಲ್ಲಿ ಕೂತೆವು. ಅನ್ನ ಬಂತು, ಸಾರು ಬಂತು. ಅಜ್ಜ ಉಣ್ಣುತ್ತಿರಲಿಲ್ಲ. ತಲೆ ಎತ್ತಿ ಚಪ್ಪರ ನೋಡುತ್ತಿದ್ದ.

“ಮೆಂಬರ್ರೇ, ಮೇಲೆ ನೋಡಿ. ನಂದು.”

ನೀಲಿ ಶೀಟು, ಹೊಚ್ಚ ಹೊಸದು. ಅಂಚಿಗೆ ಮಾವಿನ ತೋರಣ ಕಟ್ಟಿದ್ದರು.

ಪಕ್ಕದಲ್ಲಿ ಕೂತ ಗಂಡಿನ ಕಡೆಯ ಹಿರಿಯರೊಬ್ಬರು ಆಸಕ್ತಿಯಿಂದ, “ಶೀಟು ನಿಮ್ಮದಾ? ಚೆನ್ನಾಗಿದೆ. ಯಾತಕ್ಕೆ ತರಿಸಿದ್ದು?” ಎಂದು ಅಜ್ಜನನ್ನು ಕೇಳಿದರು. ಮದುಮಗಳ ಅಪ್ಪ ಪಾಯಸದ ಪಾತ್ರೆ ಹಿಡಿದು ಅಲ್ಲಿಂದಲೇ ನನಗೆ ಕಣ್ಣಲ್ಲಿ ಕೈಮುಗಿದರು. ನಾನು ಅಜ್ಜನ ಎಲೆಗೆ ಪಾಯಸ ಹಾಕಿಸಿದೆ. ಅದು ಮುಗಿಯುವ ಮೊದಲೇ ಇನ್ನೊಮ್ಮೆ ಹಾಕಿಸಿದೆ. ಆ ಹಿರಿಯರು ಎದ್ದು ಹೋಗುವವರೆಗೂ ಹಾಕಿಸುತ್ತಲೇ ಇದ್ದೆ.

ಕೈ ತೊಳೆಯುವಾಗ ಅಜ್ಜನಿಗೆ ಬೇಸರವಾಗಿರಬಹುದು ಎಂದು ಮುಖ ನೋಡಿದೆ. ಹಾಗೇನೂ ಇರಲಿಲ್ಲ. “ಒಳ್ಳೇದೇ ಆತು,” ಅಂದ. “ಹೊಸ ಸಾಮಾನು. ಮೊದ್ಲು ಶುಭಕಾರ್ಯಕ್ಕೆ ಬಳಸ್ಬೇಕು.”

೪. ಉದ್ಘಾಟನೆ

ಮದುವೆ ಮುಗಿದು ಶೀಟು ಮರಳಿತು, ಮಾಡು ಎದ್ದಿತು. ಪಂಚಾಯಿತಿಯ ಹಣದಲ್ಲಿ ಆದದ್ದಕ್ಕೆ ಉದ್ಘಾಟನೆ ಆಗಲೇಬೇಕು. ನಾವು ಆಮಂತ್ರಣ ಪತ್ರಿಕೆ ಮಾಡಿಸುವ ಪ್ರೆಸ್ಸಿನವರು ಎಲ್ಲ ಸರ್ಕಾರಿ ಕಟ್ಟಡಕ್ಕೂ ಒಂದೇ ಒಕ್ಕಣೆ ಇಟ್ಟುಕೊಂಡಿದ್ದಾರೆ. ಕಟ್ಟಡದ ಹೆಸರು ಮಾತ್ರ ಬದಲಾಗುತ್ತದೆ. ಮನೆಯಲ್ಲಿ ಕಪಾಟು ತುಂಬ ಪುಸ್ತಕ ಇಟ್ಟುಕೊಂಡ ನಾನು ಈ ಒಂದು ಹಾಳೆಯನ್ನು ಹಂಚಿ ಮುಗಿದ ಮೇಲೆ ಓದಿದೆ: “ತಾವು ಸಕುಟುಂಬ ಸಪರಿವಾರ ಸಮೇತ ಆಗಮಿಸಿ, ಈ ಸೌಲಭ್ಯದ ಸಂಪೂರ್ಣ ಪ್ರಯೋಜನ ಪಡೆದುಕೊಳ್ಳಬೇಕಾಗಿ ವಿನಂತಿ.”

ಕರೆದ ಗಣ್ಯರಿಗೆಲ್ಲ ಅದೇ ದಿನ ಯಲ್ಲಾಪುರದಲ್ಲಿ ತುರ್ತು ಕೆಲಸ ಬಂತು.

ಉಳಿದವರು ನಮ್ಮ ಅಧ್ಯಕ್ಷೆ. ಅವರು ಕತ್ತರಿ ಕಂಡೊಡನೆ ಎರಡು ಹೆಜ್ಜೆ ಹಿಂದೆ ಸರಿದರು. “ರಿಬ್ಬನ್ ನಾನು ಕತ್ತರಿಸೂದಿಲ್ಲ. ಮನೇಲಿ ಅತ್ತೆಗೆ ಹುಷಾರಿಲ್ಲ. ಸೊಸೆ ತಯಾರಿ ನಡೆಸಿದ್ದಾಳೆ ಅಂತಾರೆ.”

ಅಜ್ಜನೇ ಕತ್ತರಿಸಿದ. ಒಳಗೆ ಹೋಗಿ ಮೇಲೆ ನೋಡಿ, ಒಂದು ಸುತ್ತು ತಿರುಗಿ, ಹೊರಗೆ ಬಂದು, “ಗಾಳಿ ಲಾಯ್ಕ ಬರ್ತದೆ,” ಅಂದ.

ಸ್ಥಳೀಯ ಸದಸ್ಯನೆಂದು ನನ್ನ ಕೈಗೆ ಮೈಕು ಕೊಟ್ಟರು. ವರ್ಷದಲ್ಲಿ ನಾನು ಮಾಡಿದ ಒಂದೇ ಭಾಷಣ ಅದು. ಪೂರ್ತಿ ಪಾಠ ಇಲ್ಲಿದೆ: “ನಮಸ್ಕಾರ. ಎಲ್ಲರಿಗೂ ಇಲ್ಲಿ ಜಾಗ ಇದೆ. ಅವಸರ ಇಲ್ಲ, ನಿಧಾನಕ್ಕೆ ಬನ್ನಿ.”

೫. ಫೋಟೋ

ಜನ ಆ ಮಾತನ್ನು ಅಕ್ಷರಶಃ ಪಾಲಿಸಿದರು. ವಾರ ಕಳೆಯಿತು, ತಿಂಗಳು ಕಳೆಯಿತು, ವಾರ್ಡಿನಲ್ಲಿ ಯಾರಿಗೂ ಒಂದು ನೆಗಡಿಯೂ ಇಲ್ಲ. ಮೊದಲನೆಯವರಾಗಲು ಯಾರಿಗೂ ಮನಸ್ಸಿರಲಿಲ್ಲ.

ಪಿಡಿಒ ಚಿಂತೆಗೆ ಬಿದ್ದರು. “ಸದಸ್ಯರ, ಮ್ಯಾಲಿಂದ ಕೇಳಾಕತ್ಯಾರ. ಫಲಾನುಭವಿ ಜೋಡಿ ಫೋಟೋ ತಗದು ಆ್ಯಪಿಗೆ ಹಾಕಬೇಕಂತ.”

“ಫಲಾನುಭವಿ?” ಅಂದೆ.

“ಹೂನ್ರಿ. ಎಲ್ಲಿಂದ ತರೂಣು?”

ಸುದ್ದಿ ತಿಳಿದು ಅಜ್ಜ ತಾನಾಗಿಯೇ ಬಂದ. ತಲೆಗೆ ಎಣ್ಣೆ, ಇಸ್ತ್ರಿ ಅಂಗಿ, ಹೊಸ ಟವೆಲು. “ಬೇಡಿಕೆ ನಂದು, ಫೋಟೋನೂ ನಂದೇ,” ಅಂದ. ಮಾಡಿನ ಕೆಳಗೆ ನಿಂತ. ಪಿಡಿಒ ಮೊಬೈಲು ಎತ್ತಿದರು. ಎದುರು ಬಿಸಿಲು, ಅಜ್ಜ ಕಣ್ಣು ಮುಚ್ಚಿದ. ಆ್ಯಪು ತೆಗೆದುಕೊಳ್ಳಲಿಲ್ಲ. ಮತ್ತೆ ಎತ್ತಿದರು, ಮತ್ತೆ ಮುಚ್ಚಿದ. ಸಹನೆ ಮುಗಿದ ಪಿಡಿಒ ಕೂಗಿದರು: “ಕಣ್ಣು ಬಿಡ್ರಿ ಅಜ್ಜಾರ! ಕಣ್ಣು ಮುಚ್ಚಿದವರು ಈ ಯೋಜನೆಗೆ ನಡಿಯೂದಿಲ್ಲ!”

೬. ಶುಲ್ಕ

ಮೇ ತಿಂಗಳ ಸಭೆಯಲ್ಲಿ ಪಿಡಿಒ, ನಿರ್ವಹಣೆಗೆ ಶುಲ್ಕ ಇಡಬೇಕು ಅಂದರು. ಒಬ್ಬ ಸದಸ್ಯರು, ಒಂದೇ ಮನೆಯಿಂದ ಇಬ್ಬರು ಬಂದರೆ ಎರಡನೆಯವರಿಗೆ ರಿಯಾಯಿತಿ ಉಂಟೋ ಎಂದು ಕೇಳಿದರು. ವಸೂಲಿಗೆ ಯಾರು ಹೋಗುವುದು ಎಂಬಲ್ಲಿಗೆ ಎಲ್ಲರೂ ಸುಮ್ಮನಾದರು. ಶುಲ್ಕ ಇಲ್ಲ ಎಂದು ತೀರ್ಮಾನವಾಯಿತು.

ಅಜ್ಜನಿಗೆ ಖುಷಿಯಾಗುತ್ತದೆ ಎಂದು ಹೋಗಿ ಹೇಳಿದೆ. ಅವನ ಮುಖ ಕೆಂಪಾಯಿತು.

“ಪುಕ್ಕಟೆಯಾ? ಜೀವಮಾನ ಇಡೀ ದುಡಿದು ತಿಂದೆ. ಕಡೇಗೆ ಪುಕ್ಕಟೆ ಸುಡಿಸ್ಕಳ್ಳೂಕೆ ನಾನೆಂತ ಬೇವಾರ್ಸಿಯಾ? ಎಂತಾದ್ರೂ ತಗಳ್ಳಿ. ಈಗ್ಲೇ ತಗಳ್ಳಿ. ಮಗ ಆಮೇಲೆ ಕಿರವತ್ತಿಂದ ಅಳ್ತಾ ಬರ್ತಾನೆ, ಆ ಗಡಿಬಿಡಿಯಲ್ಲಿ ಅವಂಗೆ ನೆನಪಿರೂದಿಲ್ಲ.”

ಮುಂಗಡ ತೆಗೆದುಕೊಳ್ಳಲು ಪಂಚಾಯಿತಿಗೆ ದಾರಿ ಇಲ್ಲ. ನಾನು ಏನೂ ಹೇಳದೆ ಬಂದೆ. ಅವನು ಅದನ್ನು ಒಪ್ಪಿಗೆ ಎಂದು ತಿಳಿದ.

ಇವತ್ತು ಬೆಳಗ್ಗೆ ಜಗುಲಿಯಲ್ಲಿ ಓದುತ್ತಿದ್ದೆ. ಅಜ್ಜ ಬಂದು, ಮನೆಯ ಹಿಂದಿನ ಸೌತೆಬಳ್ಳಿಯಲ್ಲಿ ಬೆಳೆದ ಎರಡು ಮೊಗೆಕಾಯಿ ನನ್ನ ಮುಂದಿಟ್ಟ. “ಪಂಚಾಯ್ತಿ ತಗಳ್ಳದಿದ್ರೆ ನೀವು ತಗಳ್ಳಿ. ನೀವು ಉಂಡ್ರೆ ನಂಗೆ ಜಾಗ ಗಟ್ಟಿ,” ಅಂದ. ಎರಡನೆಯದು ಯಾತಕ್ಕೆ ಎಂಬುದನ್ನೂ ಹೇಳಿದ. ನಾನು ತಲೆಯಾಡಿಸಿದೆ. ಹೋಗುವಾಗ ಅವನು ಮೋಡ ನೋಡಿದ. ಮೊದಲಿನ ಹೆದರಿಕೆ ಆ ನೋಟದಲ್ಲಿ ಇರಲಿಲ್ಲ.

ಕಾಯಿ ಎರಡನ್ನೂ ಹೆಂಡತಿಗೆ ಕೊಟ್ಟೆ. ಅವಳು ಒಂದನ್ನು ಹೆಚ್ಚಿ ಹುಳಿ ಮಾಡಿದಳು, ಇನ್ನೊಂದನ್ನು ಬಾಳೆನಾರಿನಿಂದ ಅಡುಗೆಮನೆಯ ತೊಲೆಗೆ ಕಟ್ಟಿದಳು. ಮಧ್ಯಾಹ್ನ ಸಹಿಗೆಂದು ಬಂದ ಪಿಡಿಒ ಊಟಕ್ಕೆ ನಿಂತರು. ಎಲೆ ಹಾಕುವ ಹೊತ್ತಿಗೆ ಮಳೆ ಹಿಡಿಯಿತು. ಪಿಡಿಒ ಹುಳಿಯನ್ನು ಎರಡನೇ ಸಲ ಹಾಕಿಸಿಕೊಂಡರು.

“ಮೊಗೆಕಾಯಿ ರಾಶಿ ಚೊಲೋ ಇದ್ದು,” ಅಂದಳು ಹೆಂಡತಿ. “ಮೆಂಬರ್ ಆಗಿ ವರ್ಷ ಆತು, ಒಂದು ಬಾಳೆಕಾಯಿನೂ ಮನೆಗೆ ಬಂದಿತ್ತಿಲ್ಲೆ. ಇದನ್ನ ಯಾರು ಕೊಟ್ಟಿದ್ದು?”

“ಅಜ್ಜ.”

“ಎಂತಕ್ಕೆ?”

“ಸುಡುಗಾಡಿನ ಶುಲ್ಕ.”

ಪಿಡಿಒ ಅವರ ಕೈ ಎಲೆಯ ಮೇಲೆ ನಿಂತಿತು. ಎಲೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಉಣ್ಣತೊಡಗಿದರು. “ಆತು ಬಿಡ್ರಿ. ನಾನೂ ಉಂಡೇನಿ. ಪಂಚಾಯ್ತಿಗೆ ಸಂದಾಯ ಆದಂಗ.”

ಹೆಂಡತಿ ಸೌಟು ಹಿಡಿದುಕೊಂಡೇ ತಲೆ ಎತ್ತಿ ತೊಲೆಯಲ್ಲಿ ತೂಗುತ್ತಿದ್ದ ಕಾಯಿಯನ್ನು ನೋಡಿದಳು. “ಅಜ್ಜ ಒಬ್ಬಂಗೆ ಎರಡು ಬೇಕಾ?”

“ಅಲ್ಲ. ಅಜ್ಜಂದು ಒಂದೇ.”

“ಮತ್ತೆ ಅದು?”

ನಾನು ಮಜ್ಜಿಗೆ ಕುಡಿದು ಮುಗಿಸಿದೆ.

“ಅದು ನಂದು,” ಅಂದೆ. “ನನ್ನ ಶುಲ್ಕನೂ ಅಜ್ಜನೇ ತುಂಬಿದ್ದ.”